ಪಯಣ ಯಾರದು?

‘ಬಾಳೊಂದು ಪಯಣ’ ಎಂಬ ಉತ್ತರವನ್ನು ವರ್ಷಗಟ್ಟಲೆ ತಿದ್ದುತ್ತಾ ಬಂದವಳು ನಾನು. ಈಗ ಕೇಳುತ್ತೇನೆ: ಯಾರ ಬಾಳು, ಯಾರ ಪಯಣ?

ರಾಮಲಕ್ಷ್ಮಣರಿಗೆ 14 ವರ್ಷಗಳ ದಾರಿಯಿತ್ತು. ಅರಮನೆಯಲ್ಲೇ ಉಳಿದ ಊರ್ಮಿಳೆಗೆ? ಅವಳ ಕಾಯುವಿಕೆಯೂ ತಪಸ್ಸೆಂದು ಕನ್ನಡದಲ್ಲಿ ಕಾಣಿಸಲು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ (1949) ಬರಬೇಕಾಯಿತು. ಸೀತೆ ಹೋಗಲಿಲ್ಲವೇ ಎನ್ನಬಹುದು. ಹೋದಳು, ಗಂಡನ ಹಿಂದೆ. ಗ್ರೀಕರ ಕಥೆಯಲ್ಲೂ ಅಷ್ಟೇ: ಒಡಿಸ್ಯೂಸ್ ಊರು ಬಿಟ್ಟು 20 ವರ್ಷ, ಪೆನಿಲೋಪಿ ಮಗ್ಗದ ಮುಂದೆ.

ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ತಾನೇ ಹೊರಟವಳು ಅಕ್ಕಮಹಾದೇವಿ. ‘ಶೂನ್ಯಸಂಪಾದನೆ’ಯಲ್ಲಿ ಅವಳಿಗೆ ಮೊದಲು ಸಿಕ್ಕಿದ್ದು ಸ್ವಾಗತವಲ್ಲ, ಅಲ್ಲಮನ ಪಾಟೀಸವಾಲು.

ಇದು ಹಳೆಯ ಮಾತೇನಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಧರ್ಮಸ್ಥಳದ ಬಸ್ಸು ಹತ್ತಿದವರನ್ನು ನೋಡಿ, “ಇವರಿಗೆ ಮನೆಯಲ್ಲಿ ಕೆಲಸವಿಲ್ಲವೇ?” ಎಂದು ನಕ್ಕವರಲ್ಲಿ, ಬಾಳಪಯಣದ ಬಗ್ಗೆ ಭಾಷಣ ಬಿಗಿಯುವವರೂ ಇದ್ದರು. ಗಂಡಸು ಹೊರಟರೆ ಸಂಕೇತ, ಹೆಂಗಸು ಹೊರಟರೆ ತಿರುಗಾಟ!

ಬಾಳನ್ನು ಪಯಣಕ್ಕೆ ಹೋಲಿಸಿ, ಬೇಡವೆನ್ನುವುದಿಲ್ಲ. ಆದರೆ ಬುತ್ತಿ ಕಟ್ಟಿಕೊಟ್ಟು ಹೊಸಿಲಲ್ಲೇ ನಿಂತವಳನ್ನೂ ಆ ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯಿರಿ. ಅಲ್ಲಿಯವರೆಗೆ ಆ ಉತ್ತರಕ್ಕೆ ನನ್ನಿಂದ ಅರ್ಧ ಅಂಕ ಮಾತ್ರ.