ತಕ್ಸಿನ್ ಮನೆಗೆ ಬಂದ ಬಗೆ



15 ವರ್ಷ ಪರದೇಶದಲ್ಲಿದ್ದ ಥಾಯ್ಲೆಂಡಿನ ಮಾಜಿ ಪ್ರಧಾನಿ ತಕ್ಸಿನ್ ಶಿನಾವತ್ರ 2023ರ ಆಗಸ್ಟ್ 22ರಂದು ಬ್ಯಾಂಕಾಕಿಗೆ ಬಂದಿಳಿದರು. ಅದೇ ದಿನ ಅವರ ಕಡೆಯ ಸ್ರೇತಾ ತವಿಸಿನ್ ಪ್ರಧಾನಿಯಾದರು, ಅದೂ ಸೇನೆಯ ಪರವಾದ ಪಕ್ಷಗಳ ಬೆಂಬಲದಿಂದ. 2006ರಲ್ಲಿ ತಕ್ಸಿನ್‌ರನ್ನು ಕೆಳಗಿಳಿಸಿದ್ದು ಇದೇ ಸೇನೆ! ಹೆಚ್ಚು ಸ್ಥಾನ ಗೆದ್ದಿದ್ದ ಮೂವ್ ಫಾರ್ವರ್ಡ್ ಪಕ್ಷ ಹೊರಗೇ ಉಳಿಯಿತು.

ತಕ್ಸಿನ್‌ರಿಗಿದ್ದ 8 ವರ್ಷದ ಜೈಲುಶಿಕ್ಷೆಯನ್ನು ದೊರೆ ಒಂದೇ ವರ್ಷಕ್ಕಿಳಿಸಿದರು. ಅದನ್ನೂ ಪೊಲೀಸ್ ಆಸ್ಪತ್ರೆಯಲ್ಲಿ ಆರು ತಿಂಗಳು ಕಳೆದು ಪೆರೋಲ್‌ನಲ್ಲಿ ಮುಗಿಸಿದ್ದಾಯಿತು. ಒಳಒಪ್ಪಂದ ಇರಲಿಲ್ಲವೆಂದರೆ ಯಾರು ನಂಬಬೇಕು?

2025ರ ಸೆಪ್ಟೆಂಬರಿನಲ್ಲಿ ಕೋರ್ಟು ಆ ಆಸ್ಪತ್ರೆವಾಸವನ್ನು ಲೆಕ್ಕಕ್ಕೆ ಹಿಡಿಯದೆ ಅವರನ್ನು ಜೈಲಿಗೆ ಕಳಿಸಿತೆನ್ನಿ. ಆದರೆ 2010ರಲ್ಲಿ ಬೀದಿಗಿಳಿದು ಸೇನೆಯ ಗುಂಡಿಗೆ ಸತ್ತ ತಕ್ಸಿನ್ ಬೆಂಬಲಿಗರಾದ ಕೆಂಪಂಗಿಗಳ ಮನೆಯವರನ್ನು ಈ ರಾಜಿಗೆ ಮುಂಚೆ ಯಾರಾದರೂ ಕೇಳಿದ್ದರೆ?

– ಓರ್ವ ಓದುಗ, ಧಾರವಾಡ