ಯೂನಿಯನ್ ಬೇಡವೆನ್ನುವವರು ನರಸಾಪುರ ನೆನಪಿಸಿಕೊಳ್ಳಲಿ

2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದಾಗ ಎರಡು ವಾರ ಬೆಂಗಳೂರಿನ ಜನ ಬಿಎಂಟಿಸಿ ಬಸ್ಸಿಗಾಗಿ ಪರದಾಡಿದರು. 2025ರ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿ ಕೇಳಿ ಮತ್ತೆ ಮುಷ್ಕರ ನಡೆಯಿತು. ಹೈಕೋರ್ಟ್ ಗದರಿದ ಮೇಲೆ ಅಂದೇ ನಿಂತಿತು. ಎರಡೂ ಸಲ ಜಯನಗರ, ಬನಶಂಕರಿಯ ಮನೆಗಳಲ್ಲಿ ಕೇಳಿಬಂದದ್ದು ಒಂದೇ ಮಾತು: ಯೂನಿಯನ್‌ಗಳ ಕಾಲ ಮುಗಿಯಿತು, ಅವುಗಳಿಂದ ಕಾರ್ಮಿಕನಿಗೂ ಲಾಭವಿಲ್ಲ, ಉದ್ಯಮಕ್ಕಂತೂ ಕಂಟಕ.

ಈ ಮಾತು ತಪ್ಪು. ಈ ಊರಿನ ಕಳೆದ ಹತ್ತು ವರ್ಷಗಳ ಚರಿತ್ರೆ ಇದಕ್ಕೆ ತದ್ವಿರುದ್ಧವಾದದ್ದನ್ನು ಹೇಳುತ್ತದೆ. ಕಾರ್ಮಿಕನ ಪರವಾಗಿ ಮಾತಾಡುವವರು ಇಲ್ಲದ ಕಡೆಯೇ ಕಲ್ಲು ಬಿದ್ದಿದೆ, ಬೆಂಕಿ ಹತ್ತಿದೆ.

ಬಿಟಿಎಂ ಲೇಔಟ್‌ನಿಂದ ಹೆಚ್ಚು ದೂರವಿಲ್ಲದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳನ್ನೇ ನೋಡಿ. ಅಲ್ಲಿ ಪ್ರತಿ ಲೈನಿಗೂ ಒಂದು ಬೋರ್ಡ್, ಅದರ ಮೇಲೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ಈ ಗಂಟೆ ಉಳಿದ ಪೀಸು ಮುಂದಿನ ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಬಾತ್‌ರೂಮಿಗೆ ಏಳಬೇಕಾದೀತು, ಸೂಪರ್‌ವೈಸರ್ ಬಯ್ದಾನು ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡ ಹೆಂಗಸರು ಅಲ್ಲಿದ್ದಾರೆ. ಈ ದುಡಿಮೆಯಲ್ಲಿ ಅವರ ಕೈಗೆ ಇಡಿಗಂಟಾಗಿ ಸಿಗುವುದು ಮುಖ್ಯವಾಗಿ ಪಿಎಫ್ ಹಣ. ಮಗಳ ಮದುವೆ, ಮಗನ ಫೀಸು, ಊರಿನ ಸಾಲ ಎಲ್ಲಕ್ಕೂ ಅದೇ ಆಧಾರ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಆದೇಶ ಹೊರಡಿಸಿತು. ಬೆನ್ನು ಸೋತು, ಕಣ್ಣು ಮಂಜಾಗಿ 40ಕ್ಕೇ ಕೆಲಸ ಬಿಡುವ ಹೆಂಗಸಿಗೆ 58ರ ಮಾತು!

ಏಪ್ರಿಲ್ 18ರಂದು ಅವರು ಮಿಷನ್ ಬಿಟ್ಟು ಎದ್ದರು. ಹೊಸೂರು ರಸ್ತೆ ತುಂಬಿತು. ಮರುದಿನ ಕಲ್ಲು ತೂರಾಟ, ಲಾಠಿ ಪ್ರಹಾರ, ಅಶ್ರುವಾಯು, ಸುಟ್ಟ ಬಸ್ಸುಗಳು. 19ರ ಸಂಜೆಯೊಳಗೆ ಕೇಂದ್ರ ಆದೇಶ ಹಿಂತೆಗೆದುಕೊಂಡಿತು. ಹೆಂಗಸರು ಗೆದ್ದರು, ದೇಶದ ಕೋಟ್ಯಂತರ ಕಾರ್ಮಿಕರನ್ನೂ ಗೆಲ್ಲಿಸಿದರು. ಆದರೆ ಅವರಿಗೆ ಕರೆ ಕೊಟ್ಟ ಸಂಘ ಯಾವುದೂ ಇರಲಿಲ್ಲ. ಪೊಲೀಸರಿಗೂ ಸರ್ಕಾರಕ್ಕೂ ಮಾತಾಡಲು ಎದುರಿಗೆ ಒಬ್ಬ ಮುಖಂಡರೂ ಇರಲಿಲ್ಲ. ಪ್ರತಿ ಕಾರ್ಖಾನೆಯಲ್ಲೂ ಬಲವಾದ ಸಂಘ ಇದ್ದಿದ್ದರೆ ಈ ಸಿಟ್ಟು ಫೆಬ್ರುವರಿಯಲ್ಲೇ ಮನವಿಯಾಗಿ ಅಧಿಕಾರಿಗಳ ಮೇಜಿಗೆ ಬರುತ್ತಿತ್ತು.

ಸಂಘ ಇದ್ದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಗಾರ್ಮೆಂಟ್ಸ್ ಉದ್ಯಮ ಸಾಕ್ಷಿ. 2020ರ ಏಪ್ರಿಲ್‌ನಿಂದ ಸಿಗಬೇಕಾಗಿದ್ದ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ಕೋವಿಡ್ ನೆಪದಲ್ಲಿ ತಡೆಹಿಡಿದಾಗ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಹೈಕೋರ್ಟ್ ಮೆಟ್ಟಿಲೇರಿತು. ಕೋರ್ಟು ಕಾರ್ಮಿಕರ ಪರ ನಿಂತರೂ ಮಾಲೀಕರು ಮೀನಮೇಷ ಎಣಿಸಿದರು. ಕೊನೆಗೆ ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ಬಿದ್ದು, ದೊಡ್ಡ ಕಂಪನಿಗಳು ಬಾಕಿ ಚುಕ್ತಾ ಮಾಡಲು ಒಪ್ಪಿದವು. ನಾಲ್ಕು ಲಕ್ಷದಷ್ಟು ಕಾರ್ಮಿಕರ ಹಕ್ಕಿನ ಪ್ರಶ್ನೆ ಅದು. ಅದಕ್ಕಾಗಿ ಒಂದು ಬಸ್ಸಿನ ಗಾಜೂ ಒಡೆಯಲಿಲ್ಲ.

ಇನ್ನು ಉದ್ಯಮದ ಲಾಭನಷ್ಟಕ್ಕೆ ಬರೋಣ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಧರಣಿ, ಲಾಕ್‌ಔಟ್ ಶುರುವಾದವು. ಬಿಕ್ಕಟ್ಟು ತಿಂಗಳುಗಟ್ಟಲೆ ಎಳೆದಾಡಿತು, ಎರಡೂ ಕಡೆಗೆ ನಷ್ಟವಾಯಿತು. ಆದರೆ ಅಲ್ಲಿ ಸಂಘವಿತ್ತು. ಮಾತುಕತೆಗೆ ಕೂರಲು ಜನರಿದ್ದರು, ಕಾರ್ಖಾನೆ ಉಳಿಯಿತು. ಅದೇ ವರ್ಷ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯನ್ನು ಅದರ ಕಾರ್ಮಿಕರೇ ಧ್ವಂಸ ಮಾಡಿದರು. ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ದೂರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆ್ಯಪಲ್ ಅದಕ್ಕೆ ಹೊಸ ಆರ್ಡರ್ ಕೊಡುವುದನ್ನು ತಡೆಹಿಡಿಯಿತು. ಅಲ್ಲಿ ಸಂಘವಿರಲಿಲ್ಲ. ಧ್ವಂಸ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಸಂಬಳದ ಚೀಟಿಯಲ್ಲಿನ ತಪ್ಪನ್ನು ಮೊದಲ ತಿಂಗಳೇ ಎತ್ತಿ ತೋರಿಸುವ ಪ್ರತಿನಿಧಿ ಒಬ್ಬನಿದ್ದರೂ ಕಂಪನಿ ಕೋಟ್ಯಂತರ ರೂಪಾಯಿ ಉಳಿಸಿಕೊಳ್ಳುತ್ತಿತ್ತು. ಸಂಘ ಎಂದರೆ ಪ್ರೆಷರ್ ಕುಕ್ಕರಿನ ಸೀಟಿ: ಅದರ ಸದ್ದು ಕಿರಿಕಿರಿ ಎಂದು ಬಾಯಿ ಮುಚ್ಚಿದವರು ಆಮೇಲೆ ಅಡುಗೆಮನೆ ಕಳೆದುಕೊಳ್ಳುತ್ತಾರೆ.

ಸಂಘಗಳ ಮೇಲಿನ ಆರೋಪಗಳೆಲ್ಲ ಸುಳ್ಳಲ್ಲ. 1980ರ ಡಿಸೆಂಬರ್‌ನಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಆರಂಭಿಸಿದ ಮುಷ್ಕರ 77 ದಿನ ನಡೆದು, ಮುಖ್ಯ ಬೇಡಿಕೆ ಈಡೇರದೆಯೇ ಮುಗಿಯಿತು. ಅದರ ಗಾಯ ಬಹಳ ಕಾಲ ಮಾಯಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಕಾಯಂ ಕಾರ್ಮಿಕರ ಎಷ್ಟೋ ಸಂಘಗಳು ಅದೇ ಗೇಟಿನೊಳಗೆ ಅರ್ಧ ಸಂಬಳಕ್ಕೆ ದುಡಿಯುವ ಗುತ್ತಿಗೆಯವರನ್ನು ತಮ್ಮವರೆಂದು ಎಣಿಸಲೇ ಇಲ್ಲ. ತಮ್ಮ ಓಟಿ, ತಮ್ಮ ಬೋನಸ್ ಉಳಿದರೆ ಸಾಕೆಂದು ಕೂತವು. ಹೊರಗಿಟ್ಟವರ ಸಂಖ್ಯೆ ಬೆಳೆದಂತೆ ಒಳಗಿದ್ದವರ ಬಲವೂ ಕುಗ್ಗಿತು.

ಇದಕ್ಕೆ ಮದ್ದು ಸಂಘವನ್ನೇ ಕಿತ್ತುಹಾಕುವುದಲ್ಲ ಎಂದು ತೋರಿಸಿಕೊಟ್ಟವರು ಜೆ.ಪಿ. ನಗರದ, ಬನಶಂಕರಿಯ ಬೀದಿಗಳನ್ನು ಬೆಳಕು ಹರಿಯುವ ಹೊತ್ತಿಗೆ ಗುಡಿಸುವ ಪೌರಕಾರ್ಮಿಕರು. ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಗುತ್ತಿಗೆದಾರರು ಪಿಎಫ್ ಕಟ್ಟದೆ, ತಿಂಗಳುಗಟ್ಟಲೆ ಸಂಬಳ ಕೊಡದೆ ಸತಾಯಿಸಿದಾಗ ಅವರು ತಮ್ಮದೇ ಸಂಘ ಕಟ್ಟಿದರು. 2017ರ ಹೊತ್ತಿಗೆ ಗುತ್ತಿಗೆದಾರರ ಕೈ ತಪ್ಪಿಸಿ ಪಾಲಿಕೆಯೇ ನೇರವಾಗಿ ಸಂಬಳ ಕೊಡುವಂತೆ ಮಾಡಿದರು. 2022ರ ಜುಲೈನಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತು ಕಾಯಮಾತಿಯ ಭರವಸೆ ಪಡೆದರು. 2025ರ ಮೇ 1ರಂದು ಬಿಬಿಎಂಪಿಯ 12,692 ಪೌರಕಾರ್ಮಿಕರ ಕಾಯಮಾತಿಯಾಯಿತು. ಸಂಘಗಳಿಂದ ಲಾಭವಿಲ್ಲ ಎನ್ನುವವರು ನಾಳೆ ಬೆಳಗ್ಗೆ ತಮ್ಮ ಬೀದಿಯ ಪೌರಕಾರ್ಮಿಕ ಮಹಿಳೆಯನ್ನೇ ಕೇಳಲಿ.

ಸಂಘ ಉದ್ಯಮಕ್ಕೆ ಕಂಟಕ ಎನ್ನುವವರಿಗೆ ಇನ್ನೊಂದು ಉತ್ತರವಿದೆ. ಆಡುಗೋಡಿಯಲ್ಲಿ ದಶಕಗಳ ಕಾಲ ನಡೆದ ಮೈಕೊ ಕಾರ್ಖಾನೆ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಇಂದಿಗೂ ಬಿಟಿಎಂ ಪಕ್ಕದಲ್ಲೇ ಮೈಕೊ ಲೇಔಟ್ ಇದೆ. ಮೈಕೊ ನಂತರ ಬಾಷ್ ಆಯಿತು, ಉತ್ಪಾದನೆ ಬಿಡದಿಗೆ ಹೋಯಿತು, ಆಡುಗೋಡಿಯ ಆವರಣದಲ್ಲಿ ಈಗ ಎಂಜಿನಿಯರುಗಳು ತುಂಬಿದ್ದಾರೆ. ಆ ಕಂಪನಿಯ ತವರು ಜರ್ಮನಿ. ಅಲ್ಲಿ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಪ್ರತಿನಿಧಿಗಳಿಗೆ ಸಿಗಬೇಕೆಂದು 1976ರಿಂದಲೂ ಕಾನೂನಿದೆ. ಇದರಿಂದ ಜರ್ಮನಿಯ ಕೈಗಾರಿಕೆ ಮುಳುಗಲಿಲ್ಲ. ಕಾರ್ಮಿಕನಿಗೆ ಕುರ್ಚಿ ಕೊಟ್ಟರೆ ಉದ್ಯಮ ಓಡಿಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬೇಕೆಂದೇ ಬೆಳೆಸಿದ ಭಯ.

ಆ ಎಂಜಿನಿಯರುಗಳಿಗೂ ಈಗ ಸಂಘ ಬೇಕಾಗಿದೆ. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು 2017ರಲ್ಲಿ ಹುಟ್ಟಿದ ಕೆಐಟಿಯು ಎಂಬ ಐಟಿ ನೌಕರರ ಸಂಘ. ಆ ಪ್ರಸ್ತಾಪ ಕಾಯ್ದೆಯಾಗಲಿಲ್ಲ. ಇನ್ನು ಬಿಟಿಎಂನ ಸಿಗ್ನಲ್‌ಗಳ ಬಳಿ ಬೈಕಿನ ಮೇಲೆ ಕೂತು ಆರ್ಡರಿಗಾಗಿ ಕಾಯುವ ಡೆಲಿವರಿ ಹುಡುಗರ ಐಡಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬ್ಲಾಕ್ ಆಗುತ್ತದೆ. ಕಾರಣ ಕೇಳಲು ಎದುರಿಗೆ ಮನುಷ್ಯರೇ ಇಲ್ಲ. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಕಾರಣ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡಬೇಕು ಎನ್ನುತ್ತದೆ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುತ್ತದೆ. ಈ ಕಾಯ್ದೆಯ ಹಿಂದೆ ಗಿಗ್ ಕಾರ್ಮಿಕರ ಸಂಘಗಳ ಹಲವು ವರ್ಷಗಳ ಓಡಾಟವಿದೆ. ಅದು ಕಾಗದದ ಮೇಲಷ್ಟೇ ಉಳಿಯದಂತೆ ನೋಡಿಕೊಳ್ಳುವವರೂ ಅವರೇ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಮುಷ್ಕರಕ್ಕೆ 14 ದಿನಗಳ ನೋಟಿಸ್ ಕಡ್ಡಾಯವಾಗಿದೆ. ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ಸರ್ಕಾರ ಮಾಲೀಕರ ಮೇಲೂ ಒಂದು ಹೊಣೆ ಹೊರಿಸಲೇಬೇಕು: ಬಹುಮತವಿರುವ ಸಂಘದ ಜೊತೆ ಗೊತ್ತಾದ ಗಡುವಿನೊಳಗೆ ಮಾತುಕತೆ ನಡೆಸಲೇಬೇಕು, ಗುತ್ತಿಗೆಯವರಿಗೂ ಆ ಸಂಘ ಆರಿಸುವ ಮತ ಇರಬೇಕು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಸಂಧಾನಕ್ಕೆ ಕರೆದಾಗ ಮಾಲೀಕರ ಕಡೆಯವರು ಬಾರದಿದ್ದರೆ ದಂಡ ಬೀಳಬೇಕು. ಸಂಘಗಳೂ ಗುತ್ತಿಗೆಯವರಿಗೆ, ಹೆಣ್ಣುಮಕ್ಕಳಿಗೆ, ಡೆಲಿವರಿ ಹುಡುಗರಿಗೆ ಸದಸ್ಯತ್ವವಷ್ಟೇ ಅಲ್ಲ, ಪದಾಧಿಕಾರವನ್ನೂ ಕೊಡಬೇಕು.

ನಮ್ಮ ಪಾಲಿನ ಕೆಲಸವೂ ಒಂದಿದೆ. ಮುಂದಿನ ಮುಷ್ಕರದ ದಿನ ಬಸ್ಸು ಬರಲಿಲ್ಲವೆಂದು ಬಯ್ಯುವ ಮೊದಲು, ಇವರ ಬೇಡಿಕೆ ಎಷ್ಟು ತಿಂಗಳಿಂದ ಬಾಕಿ ಇದೆ, ಮಾತಿಗೆ ಕರೆಯದವರು ಯಾರು ಎಂದು ವಿಚಾರಿಸೋಣ. ಉತ್ತರ ಸಿಕ್ಕ ಮೇಲೆ ಬಯ್ಯಬೇಕಾದವರನ್ನೇ ಬಯ್ಯೋಣ.