ಪದ ಪರಿಚಯ: ನಂಗು

‘ನಾವು ನಂಗು ಎನ್ನುವ ಮೀನಿಗೆ ಶುದ್ಧ ಕನ್ನಡದ ಹೆಸರೇನು?’ ಎಂದು ಕಾಸರಗೋಡಿನ ಕಡೆಯ ಗೃಹಿಣಿಯೊಬ್ಬರು ಕೇಳಿದ್ದಾರೆ. ಮಗಳ ಪ್ರಬಂಧದಲ್ಲಿ ಈ ಪದವನ್ನು ಕಂಡು, ಅದನ್ನು ಹೊಡೆದುಹಾಕಿಸಿ ‘ಒಂದು ಜಾತಿಯ ಮೀನು’ ಎಂದು ಬರೆಯಿಸಿದರಂತೆ. ಸೋದರಿ ಹೊಡೆದುಹಾಕಿಸಿದ ಪದವೇ ಅವರು ಹುಡುಕುತ್ತಿರುವ ಪದ!

ನಂಗು ತುಳುವಿಗೂ ಕರಾವಳಿಯ ಕನ್ನಡಕ್ಕೂ ಸಮಾನವಾದ ಹೆಸರು. ಎಲೆಯಂತೆ ಚಪ್ಪಟೆಯಾದ ಈ ಮೀನು ಕಡಲ ತಳದ ಕೆಸರು ಮರಳಿನ ಮೇಲೆ ಮಗ್ಗುಲಾಗಿ ಮಲಗಿರುತ್ತದೆ. ಮರಿಯಾಗಿದ್ದಾಗ ಇಕ್ಕೆಲಗಳಲ್ಲಿ ಒಂದೊಂದು ಕಣ್ಣು. ಬೆಳೆದಂತೆ ಬಲಗಣ್ಣು ಎಡಕ್ಕೆ ಸರಿದು ಎರಡೂ ಒಂದೇ ಬದಿಗೆ ಸೇರುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ಮಲಬಾರಿನ ಕರಾವಳಿಯಲ್ಲಿ ಇದು ಹೇರಳ. ಸಿಪ್ಪೆ ಸುಲಿದು ಸಾರು ಮಾಡುವುದುಂಟು, ಹುರಿಯುವುದುಂಟು. ಒಣಗಿಸಿ ಇಡುವುದೂ ಉಂಟು.

ನೆರೆಯವರ ಹೆಸರುಗಳನ್ನು ನೋಡಿರಿ. ಮಲಯಾಳದಲ್ಲಿ ಮಾಂದಳ್, ಕೊಂಕಣಿಯಲ್ಲಿ ಲೆಪೊ, ತಮಿಳಿನಲ್ಲಿ ನಾಕ್ಕು ಮೀನ್, ಎಂದರೆ ನಾಲಿಗೆ ಮೀನು. ಇಂಗ್ಲಿಷಿನ ‘ಸೋಲ್’ ಪಾದರಕ್ಷೆಯನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದುದು. ಶಾಸ್ತ್ರಜ್ಞರ ‘ಸೈನೋಗ್ಲಾಸಸ್’ ಎಂಬ ಗಂಭೀರ ನಾಮಕ್ಕೆ ಗ್ರೀಕಿನಲ್ಲಿ ನಾಯಿಯ ನಾಲಿಗೆ ಎಂದೇ ಅರ್ಥ! ಚಪ್ಪಲಿ, ನಾಲಿಗೆಗಳ ಹೆಸರನ್ನಿಡಲು ಯಾರೂ ನಾಚಲಿಲ್ಲ. ನಮಗೇಕೆ ಸಂಕೋಚ?

ಘಟ್ಟದ ಮೇಲಿನ ನೆಂಟರು ನಕ್ಕಾರೆಂಬ ಅಂಜಿಕೆಯಿರಬಹುದು. ಮೀನು ಮಾರುವವಳೊಡನೆ ನಾವು ‘ನಂಗು ಬೇಕು’ ಎಂದರೆ, ಮೈಸೂರಿನವರ ಕಿವಿಗೆ ಅದು ‘ನನಗೆ ಬೇಕು’ ಎಂದು ಕೇಳಿಸೀತು. ಕೇಳಿಸಲಿ, ಒಂದು ಮಾತಿನಲ್ಲಿ ಅರ್ಥವನ್ನು ತಿಳಿಸಿದರೆ ಅವರಿಗೂ ಒಂದು ಕನ್ನಡ ಪದ ದೊರೆಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ಕನ್ನಡಕ್ಕಾಗಿ ನಾವು ಮನವಿಗಳನ್ನು ಬರೆದಿದ್ದೇವೆ. ಅದು ಉಚಿತವೇ. ಆದರೆ ಅಡಿಗೆಮನೆಯ ಕನ್ನಡವನ್ನು ಉಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ‘ಒಂದು ಜಾತಿಯ ಮೀನು’ ಎಂಬುದು ಸಾವಿರ ಮೀನುಗಳಿಗೆ ಸಲ್ಲುವ ಮಾತು; ಹಾಗೆ ಬರೆದಾಗ ತಪ್ಪೇನೂ ಆಗದು, ಒಂದು ಹೆಸರು ಮಾತ್ರ ಅಳಿಯುತ್ತದೆ. ಹೆಸರು ಅಳಿದಲ್ಲಿ ಮಗಳು ಪೇಟೆಯ ಫಲಕದಲ್ಲಿರುವುದನ್ನೇ ಕಲಿಯುವಳು.

ಆದುದರಿಂದ ಸೋದರಿ, ಆ ಪ್ರಬಂಧದಲ್ಲಿ ಹೀಗೆ ತಿದ್ದಿಸಿರಿ: ‘ಅಮ್ಮ ಇಂದು ನಂಗಿನ ಸಾರು ಮಾಡಿದಳು.’ ವಿಭಕ್ತಿಯೂ ಸರಿ, ರುಚಿಯೂ ಸರಿ.